ಭವಾನಕ್ಕನ ಸಂಚಿ ಸುತ್ತು

ಬಾಣಂತಿ ಇರುವ ಮನೆಯಲ್ಲಿ ಅಳಿಯನಷ್ಟು ಕೆಲಸಕ್ಕೆ ಬಾರದ ಪ್ರಾಣಿ ಬೇರೊಂದಿಲ್ಲ. ಇದನ್ನು ಯಾರ ಮೇಲಿನ ಸಿಟ್ಟಿನಿಂದಲೂ ಹೇಳುತ್ತಿಲ್ಲ. ಇದ್ದುದನ್ನು ಇದ್ದಂತೆ ಹೇಳುತ್ತಿದ್ದೇನೆ. ಬೆಕ್ಕಾದರೂ ಇಲಿ ಹಿಡಿಯುತ್ತದೆ. ಅಳಿಯ ಎಲ್ಲಿ ಕೂತರೂ ಅಲ್ಲೇ ಯಾರಿಗಾದರೂ ಏನಾದರೂ ಕೆಲಸ ಇರುತ್ತದೆ. ಜಗಲಿಯಲ್ಲಿ ಕೂತರೆ ಕೂಸಿನ ಬಟ್ಟೆ ಒಣಹಾಕುವ ಹಗ್ಗ ನೆತ್ತಿಯ ಮೇಲೇ ಹಾದುಹೋಗುತ್ತದೆ. ನಡುಮನೆಗೆ ಬಂದರೆ ಬಾಣಂತಿಗೆ ಎಣ್ಣೆ ಹಚ್ಚುವ ಹೊತ್ತು. ಬಚ್ಚಲ ಕಡೆ ಹೋದರೆ ನೀರು ಕಾಯಿಸುವವರ ಹೊಗೆಗೆ ಅಡ್ಡ ಬಂದಂತಾಗುತ್ತದೆ. ಹಾಗೆಂದು ಹೊರಗೆ ತಿರುಗಾಡಲು ಹೋದರೆ, 'ಅಳಿಯಂಗೆ ಹೆಂಡ್ತಿ ಮಗು ನೋಡುವ ಆಸೆಯೇ ಇಲ್ಲೆ' ಎಂಬ ಮಾತು ನನಗಿಂತ ಮೊದಲು ಮನೆಗೆ ಬಂದಿರುತ್ತದೆ. ಕೊನೆಗೆ ನಾನು ಕಂಡುಕೊಂಡ ಜಾಗ ನಡುಮನೆಯ ಕಂಬದ ಹಿಂದಿನದು. ಅಲ್ಲಿ ಹಳೆಯದೊಂದು ವಾರಪತ್ರಿಕೆ ಹಿಡಿದು ಕೂತರೆ ಯಾರ ಕಾಲಿಗೂ ತೊಡರುವುದಿಲ್ಲ, ಎಲ್ಲವೂ ಕಾಣುತ್ತದೆ. ಹಾಗಾಗಿ ನಾನು ಮುಂದೆ ಹೇಳುವುದೆಲ್ಲ ಕಂಬದ ಹಿಂದಿನಿಂದ ಕಂಡದ್ದು. ಕಾಣದೆ ಬರೀ ಕೇಳಿದ್ದಾದರೆ ಹಾಗೆಂದೇ ಹೇಳುತ್ತೇನೆ.

ಈ ಜಾಗರೂಕತೆ ನನ್ನ ಉದ್ಯೋಗದಿಂದ ಬಂದದ್ದು. ಆಗ ನಾನು ಯಲ್ಲಾಪುರದ ಕೋರ್ಟಿನಲ್ಲಿ ಬೆರಳಚ್ಚುಗಾರ. ಸಾಕ್ಷಿಗಳು ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಟೈಪು ಮಾಡುವುದು ನನ್ನ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಜನ ತಾವು ಕಾಣದ್ದನ್ನು ಕಂಡಂತೆ ಹೇಳಿ, ವಕೀಲರ ಪಾಟೀಸವಾಲಿನಲ್ಲಿ ಬೆವರುವುದನ್ನು ನೋಡಿ ನೋಡಿ, ಮನೆಯಲ್ಲಿ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿದರೂ ಇನ್ನೊಮ್ಮೆ ರುಚಿ ನೋಡದೆ ನಾನು ಉತ್ತರ ಕೊಡುತ್ತಿರಲಿಲ್ಲ. ಇಂಥ ಗಂಡನೊಡನೆ ಬಾಳುವುದು ಹೇಗೆಂದು ನನ್ನ ಹೆಂಡತಿ ವಸುಧಾಳನ್ನೇ ಕೇಳಬೇಕು. ಅವಳು ಮೊದಲ ಹೆರಿಗೆಗೆ ಸಿದ್ದಾಪುರದ ತವರಿಗೆ ಬಂದಿದ್ದಳು. ಹೆಣ್ಣು ಮಗುವಾಗಿತ್ತು. ನಾನು ಶನಿವಾರ ಕೋರ್ಟು ಮುಗಿಸಿ, ಶಿರಸಿಯಲ್ಲಿ ಬಸ್ಸು ಬದಲಿಸಿ, ಸಿದ್ದಾಪುರ ಸೇರಿ ಕಂಬದ ಹಿಂದೆ ಸ್ಥಾಪಿತನಾಗುತ್ತಿದ್ದೆ.

ಆ ಮನೆಯ ಯಜಮಾನಿಕೆ ನನ್ನ ಅತ್ತೆಯದು. ಊರೆಲ್ಲ ಅವರನ್ನು ಭವಾನಕ್ಕ ಎನ್ನುತ್ತಿತ್ತು. ನಮ್ಮ ಕಡೆಯ ಎಲ್ಲ ಅತ್ತೆಯರೂ ಹೀಗೆ ಅಲ್ಲ, ಆದರೆ ಭವಾನಕ್ಕ ಹಳೆಯ ಕ್ರಮದವರು: ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗೇ ಕೂತಿದ್ದರೂ ವಸುಧಾಳ ಕಡೆ ತಿರುಗಿ, "ಚಾ ಬೇಕನ ಕೇಳು ಅವ್ರ ಹತ್ರ" ಎನ್ನುತ್ತಿದ್ದರು. ನಾನೂ ವಸುಧಾಳಿಗೇ "ಬೇಕು" ಎನ್ನುತ್ತಿದ್ದೆ. ವಸುಧಾ ಇಲ್ಲದಿದ್ದರೆ ಮಾತು ಗೋಡೆಯ ಮೂಲಕ, ಕೆಲವೊಮ್ಮೆ ಬೆಕ್ಕಿನ ಮೂಲಕ ಬರುತ್ತಿತ್ತು. ಮಗು ಹುಟ್ಟಿದ ಮೇಲೆ ಇಬ್ಬರಿಗೂ ಬಹಳ ಅನುಕೂಲವಾಯಿತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಕೂಸೇ, ನಿನ್ನ ಅಪ್ಪಯ್ಯ ಬಚ್ಚಲದ ದೀಪ ಆರಿಸಿದ್ವೇ ಇಲ್ಲೆ ನೋಡು" ಎಂದರೆ ಸಾಕು, ನಾನು ಎದ್ದು ಹೋಗಿ ದೀಪ ಆರಿಸುತ್ತಿದ್ದೆ. ಹುಟ್ಟಿ ಹೆಚ್ಚು ದಿನವಾಗದ ಆ ಮಗು ನಮ್ಮಿಬ್ಬರ ನಡುವೆ ದೂತನ ಕೆಲಸವನ್ನು ಕಣ್ಣು ಮುಚ್ಚಿಕೊಂಡೇ ಮಾಡುತ್ತಿತ್ತು.

ಭವಾನಕ್ಕನ ಹೆಸರಿದ್ದದ್ದು ಶಿಶುವಿಗೆ ಬಟ್ಟೆ ಸುತ್ತುವುದರಲ್ಲಿ. ಅವರು ಅದನ್ನು ದುಡಿಮೆಗಾಗಿ ಮಾಡುತ್ತಿದ್ದವರಲ್ಲ. ಯಾರ ಮನೆಯಲ್ಲಿ ಮಗುವಾದರೂ, ಮೊದಲ ಸಲ ಮೀಯಿಸಿ ಸುತ್ತಲು ಅವರೇ ಆಗಬೇಕು ಎಂದು ಕರೆ ಬರುತ್ತಿತ್ತು. ನಾನು ಕಂಡ ಕ್ರಮ ಹೀಗೆ: ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಮೈ ಒರೆಸಿದ ಮೇಲೆ ಮಗುವನ್ನು ಹಳೇ ಪಂಚೆಯ ಮೇಲೆ ಮಲಗಿಸುವುದು. ಎರಡೂ ಕೈ ಮೈಗೆ ಒತ್ತಿಸುವುದು. ಎರಡೂ ಕಾಲನ್ನು ಕೂಡಿಸಿ, ಮೊಣಕಾಲ ಮೇಲೆ ಅಂಗೈ ಇಟ್ಟು ನೆಟ್ಟಗೆ ಜಗ್ಗುವುದು. ಆಮೇಲೆ ಬಟ್ಟೆಯನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಎಳೆದು ಎಳೆದು ಸುತ್ತುವುದು. ಮುಗಿದಾಗ ಮಗು ಊದಿನಕಡ್ಡಿಯ ಕಟ್ಟಿನಂತೆ ಉದ್ದಕ್ಕೆ, ನೆಟ್ಟಗೆ, ನಿಶ್ಶಬ್ದವಾಗಿ ಬಿದ್ದಿರುತ್ತಿತ್ತು. ಒಂದು ಸುಕ್ಕು ಇರುತ್ತಿರಲಿಲ್ಲ. ಎತ್ತಿ ಮೂಲೆಗೆ ಒರಗಿಸಿಟ್ಟರೂ ನಿಲ್ಲಬಹುದಾಗಿತ್ತು ಎಂದು ನನಗೆ ಅನ್ನಿಸಿದೆ. ಯಾರೂ ಒರಗಿಸಿಟ್ಟದ್ದನ್ನು ನಾನು ಕಂಡಿಲ್ಲ.

ಕಾಲನ್ನು ನೆಟ್ಟಗೆ ಕಟ್ಟದಿದ್ದರೆ ಮಕ್ಕಳ ಕಾಲು ಸೊಟ್ಟಗಾಗುತ್ತದೆ ಎಂಬುದು ಭವಾನಕ್ಕನ ಸಿದ್ಧಾಂತ. ಅದಕ್ಕೆ ಬೇಕಾದ ಪುರಾವೆ ದಿನವೂ ಅವರ ಮನೆ ಎದುರಿನ ರಸ್ತೆಯಲ್ಲಿ ಹಾದುಹೋಗುತ್ತಿತ್ತು. ಸಂಜೆ ಅವರು ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತ ಕೂತರೆ ಊರಿನ ಜನರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. "ಆ ಬ್ಯಾಂಕಿನ ಮಾಣಿ ನೋಡು, ಗರಗಸದಲ್ಲಿ ಕೊಯ್ದ ಹಾಂಗೆ ಕಾಲು. ಆನೇ ಕಟ್ಟಿದ್ದು." ನಮ್ಮ ಕಡೆಯ ಮಾತಿನಲ್ಲಿ ಮಾಣಿ ಎಂದರೆ ಹುಡುಗ, ಆನು ಎಂದರೆ ನಾನು. "ಅದೋ, ಕನ್ನಡ ಶಾಲೆ ಅಕ್ಕೋರು. ಸೀರೆ ಉಟ್ರೆ ಹ್ಯಾಂಗೆ ಕಾಣ್ತು ನೋಡು. ಕಾಲು ಚಲೋ ಇದ್ದಿದ್ದಕ್ಕೆ." ಒಮ್ಮೆ ಒಬ್ಬ ಪೊಲೀಸು ನಡೆದುಹೋದಾಗ ದೀರ್ಘಕಾಲ ನೋಡಿ, "ಇದು ಯಾರೋ ಬೇರೆಯವ್ರು ಕಟ್ಟಿದ್ದು" ಎಂದು ಬಿಟ್ಟುಬಿಟ್ಟರು. ನಾನು ಅಂದಿನಿಂದ ಆ ಕಿಟಕಿಯ ಎದುರು ನಡೆಯುವಾಗ ಸ್ವಲ್ಪ ಬೇಗ ನಡೆಯುತ್ತಿದ್ದೆ.

ಮಗುವಿಗೆ ಲಸಿಕೆ ಹಾಕಿಸಬೇಕಾದ ದಿನ ಬಂತು. ಶಿರಸಿಗೆ ಹೋಗಬೇಕು. ಭವಾನಕ್ಕನಿಗೆ ಗಾಡಿಯಲ್ಲಿ ಕೂತರೆ ತಲೆ ತಿರುಗಿ ವಾಂತಿಯಾಗುತ್ತದೆ, ಹಾಗಾಗಿ ಅವರು ಬರಲಿಲ್ಲ. ಮಗುವನ್ನು ಎಂದಿಗಿಂತ ಚೆನ್ನಾಗಿ ಸುತ್ತಿ, ಊರ ಹೊರಗಿನವರು ನೋಡುವ ವಸ್ತು ಎಂಬಂತೆ ಕೊಟ್ಟು ಕಳಿಸಿದರು. ಬಾಡಿಗೆ ವ್ಯಾನಿನಲ್ಲಿ ನಾನು, ವಸುಧಾ ಮತ್ತು ಆ ಕಟ್ಟು ಹೋದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬಟ್ಟೆ ಬಿಚ್ಚಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಚುಚ್ಚುವ ಮೊದಲು ಮಗುವಿನ ಮೈಯನ್ನೆಲ್ಲ ಪರೀಕ್ಷೆ ಮಾಡಿದರು. ಎರಡೂ ಮೊಣಕಾಲು ಮಡಿಸಿ, ತೊಡೆಗಳನ್ನು ನಿಧಾನವಾಗಿ ಹೊರಕ್ಕೆ ಅಗಲಿಸಿದರು. ಆಗ ಅವರ ಎಡಗಡೆಯ ಮಾತು ನಿಂತಿತು. ತಪ್ಪಾಯಿತು, ಕ್ರಮವಾಗಿ ಹೇಳುತ್ತೇನೆ: ಮೊದಲು ಮಗುವಿನ ಎಡಗಾಲಿನ ಮೇಲಿದ್ದ ಅವರ ಕೈ ನಿಂತಿತು, ಆಮೇಲೆ ವಸುಧಾಳ ಜೊತೆ ಆಡುತ್ತಿದ್ದ ಮಾತು ನಿಂತಿತು. ಇನ್ನೊಮ್ಮೆ ಹಾಗೇ ಮಾಡಿದರು. ಕೈ ಇನ್ನೊಮ್ಮೆ ಅಲ್ಲೇ ನಿಂತಿತು. ನನಗೆ ಯಾವ ಶಬ್ದವೂ ಕೇಳಲಿಲ್ಲ. ಆದರೂ ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತೆ.

"ಗಾಬರಿಯಾಗಬೇಡಿ" ಎಂದರು ಡಾಕ್ಟರು. "ಎಡಗಡೆ ಸೊಂಟದ ಕೀಲು ಸ್ವಲ್ಪ ಸಡಿಲ ಇದೆ. ಹುಟ್ಟುವಾಗಲೇ ಹೀಗಿರುತ್ತದೆ, ಯಾರ ತಪ್ಪೂ ಅಲ್ಲ. ತುಂಬ ಮಕ್ಕಳಲ್ಲಿ ತಾನಾಗಿಯೇ ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾಗಬೇಕಾದರೆ ಕಾಲು ಕಪ್ಪೆಯ ಹಾಗೆ ಮಡಿಸಿ ಅಗಲಿಸಿಕೊಂಡಿರಲು ಜಾಗ ಬೇಕು. ಮನೆಯಲ್ಲಿ ಕಾಲು ಜಗ್ಗಿ ಕಟ್ಟುತ್ತೀರಾ?"

ಬಿಚ್ಚಿದ ಪಂಚೆ ಮೇಜಿನಿಂದ ನೆಲದವರೆಗೆ ಇಳಿದು ಬಿದ್ದಿತ್ತು. ನಾವಿಬ್ಬರೂ ಅದನ್ನೇ ನೋಡಿದೆವು.

ಸರಿಹೋಗದಿದ್ದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಮುಂದಿನ ಸಲ ನೋಡಿದಾಗಲೂ ಹೀಗೇ ಇದ್ದರೆ ಕಾಲು ಅಗಲಿಸಿ ಹಿಡಿದಿಡುವ ಪಟ್ಟಿ ಹಾಕಬೇಕಾಗುತ್ತದೆ, ಅದಕ್ಕೂ ಬಗ್ಗದಿದ್ದರೆ ಹುಬ್ಬಳ್ಳಿಗೆ ಹೋಗಿ ಆಪರೇಶನ್, ಏನೂ ಮಾಡದೆ ಬಿಟ್ಟರೆ ನಡೆಯಲು ಕಲಿತಾಗ ಕುಂಟುತ್ತಾಳೆ ಎಂದರು. ಆಮೇಲೆ ಸುತ್ತುವುದಾದರೆ ಹೇಗೆ ಸುತ್ತಬೇಕು ಎಂದು ಹೇಳಿದರು. ಕಾಲು ಬಿಡುವಾಗಿರಲಿ, ಎದೆಯ ಮೇಲೆ ಬಿಗಿ ಬೇಡ, ಬಟ್ಟೆ ಹೆಗಲಿಗಿಂತ ಮೇಲೆ ಬಂದು ಬಾಯಿ ಮೂಗು ಮುಚ್ಚುವಂತಾಗಬಾರದು, ಅಂಗಾತವೇ ಮಲಗಿಸಿ, ಬೆವರುವಷ್ಟು ಹೊದೆಸಬೇಡಿ, ಮಗು ಮಗುಚಿಕೊಳ್ಳಲು ಹೊರಟಿತು ಎಂದರೆ ಸುತ್ತುವುದನ್ನೇ ನಿಲ್ಲಿಸಿ. ನಾನು ಒಂದೊಂದನ್ನೂ ತಿರುಗಿ ಹೇಳಿ, ಸರಿಯೇ ಎಂದು ಕೇಳಿ ಮುಂದುವರಿದೆ. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲಲ್ಲಿ ಇಣುಕಿದರು.

ವ್ಯಾನಿನಲ್ಲಿ ವಸುಧಾ ಸ್ವಲ್ಪ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ವ್ಯಾವಹಾರಿಕ ವಿಷಯಕ್ಕೆ ಬಂದಳು. "ಅಮ್ಮಂಗೆ ನಿಂಗನೇ ಹೇಳಿ. ಆನು ಹೇಳಿದ್ರೆ ಬಾಣಂತಿಗೆ ಎಂತ ಗೊತ್ತಿದ್ದು ಹೇಳ್ತು. ನಿಂಗ ಅಳಿಯ. ನಿಂಗಕ್ಕೆ ಬೈಯಲೆ ಬತ್ತಿಲ್ಲೆ."

ಬೈಯಲು ಬರದೆ ಇರುವವರು ಬೈಯುವುದಕ್ಕಿಂತ ದೊಡ್ಡದನ್ನು ಮಾಡಬಲ್ಲರು ಎಂಬುದು ನನಗೆ ಗೊತ್ತಿತ್ತು. ಆದರೂ ಒಪ್ಪಿಕೊಂಡೆ.

ಮನೆಗೆ ಬಂದಾಗ ಭವಾನಕ್ಕ ಬಾಗಿಲಲ್ಲೇ ಇದ್ದರು. ಮಗು ವಸುಧಾಳ ತೋಳಿನಲ್ಲಿ ಸಡಿಲ ಬಟ್ಟೆಯಲ್ಲಿ ಕಾಲು ಎತ್ತಿಕೊಂಡು ಮಲಗಿದ್ದನ್ನು ಕಂಡು ಅವರ ಹುಬ್ಬು ಮೇಲಕ್ಕೆ ಹೋಯಿತು. ಮಗುವನ್ನು ಇಸಿದುಕೊಂಡು ನಡುಮನೆಯಲ್ಲಿ ಕೂತು, ತೊಡೆಯ ಮೇಲೆ ಹಾಕಿಕೊಂಡು ಕಾಲು ಜಗ್ಗಲು ಕೈ ಹಾಕಿದರು. ನಾನು ಕಂಬದ ಹಿಂದಿನಿಂದ ಹೊರಗೆ ಬಂದೆ. ಆ ಮನೆಯಲ್ಲಿ ನಾನು ಮಾತಾಡಲೆಂದು ಕಂಬದ ಈಚೆಗೆ ಬಂದು ನಿಂತದ್ದು ಅದೇ ಮೊದಲು. ಮಾವ ಆರಾಮ ಕುರ್ಚಿಯಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡು ಕೂತಿದ್ದವರು ಜಗಿಯುವುದನ್ನು ನಿಲ್ಲಿಸಿದರು.

"ಕೂಸೇ, ಕಾಲು ಜಗ್ಗಲಾಗ ಹೇಳಿ ಡಾಕ್ಟ್ರು ಹೇಳಿದ್ರು" ಎಂದೆ.

ಭವಾನಕ್ಕನ ಕೈ ಅಲ್ಲೇ ಉಳಿಯಿತು. ನನ್ನ ಕಡೆ ನೋಡಲಿಲ್ಲ. ಮಗುವಿನ ಮುಖವನ್ನೇ ನೋಡುತ್ತ, "ಎಂತಕ್ಕಡ ಕೂಸೇ?" ಎಂದರು.

"ಎಡಗಡೆ ಸೊಂಟದ ಕೀಲು ಸಡಿಲ ಇದ್ದಡ ಕೂಸೇ."

"ಯಾರು ಸಡಿಲ ಮಾಡಿದ್ದಡ?"

"ಯಾರೂ ಅಲ್ಲಡ. ಹುಟ್ಟುವಾಗ್ಲೇ ಹಾಂಗಿತ್ತಡ."

"ಆ ಡಾಕ್ಟ್ರಿಗೆ ಎಷ್ಟು ಮಕ್ಕಳಡ, ಕೇಳು ನಿನ್ನ ಅಪ್ಪಯ್ಯನ ಹತ್ರ."

ಅದನ್ನು ನಾನು ಕೇಳಿರಲಿಲ್ಲ. ಕೇಳಿಲ್ಲ ಎಂದು ಒಪ್ಪಿಕೊಂಡೆ. ಕೋರ್ಟಿನಲ್ಲಾದರೆ ಇಷ್ಟಕ್ಕೇ ಸಾಕ್ಷಿಯ ಅರ್ಧ ಬೆಲೆ ಹೋಗುತ್ತದೆ. ಭವಾನಕ್ಕ ಅದನ್ನು ಬಲ್ಲವರಂತೆ ಕಿಟಕಿಯ ಕಡೆ ಗಲ್ಲ ಎತ್ತಿದರು. ರಸ್ತೆಯಲ್ಲಿ ಸಂಜೆಯ ಓಡಾಟ ಶುರುವಾಗಿತ್ತು. "ಅಲ್ಲಿ ಹೋಪವ್ರ ಕಾಲು ನೋಡು ಕೂಸೇ. ಅವ್ರ ಕಾಲೆಲ್ಲ ಸೊಟ್ಟ ಆಯ್ದಾ? ಹೆಣ್ಣು ಕೂಸು ಕಪ್ಪೆ ಹಾಂಗೆ ಮನಗಿ, ಕಪ್ಪೆ ಹಾಂಗೇ ನಡದ್ರೆ ನಾಳೆ ಯಾರ ಮನೆಗೆ ಕೊಡದು?"

ಆಗ ಮಾವ ಎದ್ದರು. ಜಗಲಿಯ ತುದಿಗೆ ಹೋಗಿ ಕವಳ ಉಗುಳಿ, ಚೊಂಬಿನ ನೀರಿನಿಂದ ಬಾಯಿ ಮುಕ್ಕಳಿಸಿ ಬಂದರು. ಊಟದ ಹೊತ್ತನ್ನು ಬಿಟ್ಟರೆ ಮಾವನ ಬಾಯಿ ಖಾಲಿ ಇದ್ದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರ ಮೌನಕ್ಕೆ ಸ್ವಭಾವಕ್ಕಿಂತ ವೀಳ್ಯದೆಲೆಯೇ ಹೆಚ್ಚು ಕಾರಣ ಎಂಬುದು ಮನೆಯವರ ಅಭಿಪ್ರಾಯ. ಖಾಲಿ ಬಾಯಿಯಲ್ಲಿ ಅವರು ಆಡಿದ್ದು ಒಂದೇ ಶಬ್ದ.

"ಶಂಕ್ರ?" ಎಂದರು.

ಶಂಕರ ಅಂದರೆ ಬಸ್‌ ಸ್ಟ್ಯಾಂಡಿಗೆ ಹೋಗುವ ತಿರುವಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದವನು. ಒಂದು ಪಕ್ಕಕ್ಕೆ ವಾಲಿ ವಾಲಿ ನಡೆಯುತ್ತಿದ್ದ. ನಗೆಮೊಗದ ಮನುಷ್ಯ. ಊರಿನ ಅರ್ಧ ಮಕ್ಕಳಿಗೆ ಸೈಕಲ್ ಕಲಿಸಿದ್ದು ಅವನೇ. ಅವನ ತಾಯಿ ಭವಾನಕ್ಕನ ಗೆಳತಿಯಾಗಿದ್ದರಂತೆ, ಅವನನ್ನು ಮೀಯಿಸಿ ಸುತ್ತಿದ್ದೂ ಭವಾನಕ್ಕನೇ ಅಂತೆ. ಇದು ನಾನು ಆಮೇಲೆ ಕೇಳಿದ್ದು. ಆ ಹೊತ್ತಿನಲ್ಲಿ ನಾನು ಕಂಡದ್ದು, ಭವಾನಕ್ಕನ ಕೈ ಮಗುವಿನ ಕಾಲಿನಿಂದ ಮೇಲೆದ್ದು ಗಾಳಿಯಲ್ಲಿ ಸ್ವಲ್ಪ ಹೊತ್ತು ಎಲ್ಲಿಡುವುದೆಂದು ತಿಳಿಯದೆ ಇದ್ದದ್ದನ್ನು ಮಾತ್ರ.

"ಅವಂಗೆ ಹುಟ್ಟಾ ಹಾಂಗೇ" ಎಂದರು ಕೊನೆಗೆ.

"ಹೌದು" ಎಂದರು ಮಾವ. "ಇದಕ್ಕೂ ಹುಟ್ಟಾ ಹಾಂಗೇ ಹೇಳಿ ಅಳಿಯಂದ್ರು ಆಗಿಂದ ಹೇಳ್ತಾ ಇದ್ರಲೆ." ಇಷ್ಟು ಹೇಳಿ ಕೂತು, ಕವಳದ ಸಂಚಿ ಬಿಚ್ಚಿ ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದರು.

ಶಂಕರನ ಕಾಲು ಹಾಗಾದದ್ದು ಬಿಗಿದು ಕಟ್ಟಿದ್ದಕ್ಕೇ ಎಂದು ನಾನು ಹೇಳಲಾರೆ. ಆಮೇಲೆ ಡಾಕ್ಟರನ್ನು ಕೇಳಿದಾಗ, ಅಷ್ಟು ವರ್ಷದ ಹಿಂದಿನದನ್ನು ಯಾರೂ ಹೇಳಲಾರರು, ಕಟ್ಟದಿದ್ದರೂ ಹಾಗೇ ಆಗುತ್ತಿತ್ತೋ ಏನೋ ಎಂದರು. ಭವಾನಕ್ಕನಿಗೂ ಅದನ್ನು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಅವರು ಕೇಳಿದ್ದು ಬೇರೆ. ಮಗುವನ್ನು ಬಿಟ್ಟು, ಗೋಡೆಯನ್ನು ಬಿಟ್ಟು, ನೇರವಾಗಿ ನನ್ನ ಮುಖ ನೋಡಿ ಕೇಳಿದರು: "ಡಾಕ್ಟ್ರು ಕಾಲು ಅಗಲಿಸಿದಾಗ ಎಂತ ಆತು? ನಿಂಗ ಕಂಡಿದ್ದು ಹೇಳಿ."

ನೇರ ಮಾತಿನ ಅಭ್ಯಾಸ ಇಲ್ಲದೆ ನಾನು ಮೊದಲು ಮಗುವಿನ ಕಡೆ, ಆಮೇಲೆ ಅವರ ಕಡೆ ತಿರುಗಿದೆ. "ಶಬ್ದ ಕೇಳಲಿಲ್ಲ ಅತ್ತೆ" ಎಂದೆ. "ಅವರ ಕೈ ನಿಂತಿತು. ಎರಡು ಸಲವೂ ಅಲ್ಲೇ ನಿಂತಿತು."

ಭವಾನಕ್ಕ ತಲೆಯಾಡಿಸಿದರು. "ಕೈ ನಿಂತ್ರೆ ಅದು ಖರೆ" ಎಂದರು. "ಬಾಯಿ ಎಂತ ಬೇಕಾರೂ ಹೇಳ್ತು. ಕೈ ಸುಳ್ಳು ಹೇಳ್ತಿಲ್ಲೆ."

ಆಮೇಲೆ ಅವರು ಮಾಡಿದ್ದನ್ನು ನಾನು ಇಷ್ಟು ವರ್ಷದ ನಂತರವೂ ಬೆರಗಿನಿಂದಲೇ ನೆನೆಯುತ್ತೇನೆ. ಜೀವಮಾನವಿಡೀ ಒಂದು ದಿಕ್ಕಿನಲ್ಲಿ ಓಡಿದ ಕೈಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸುವುದು ಸುಲಭವಲ್ಲ. ನನ್ನ ಮಾತು ಬಿಡಿ, ಕಚೇರಿಯಲ್ಲಿ ಟೈಪ್‌ರೈಟರ್ ತೆಗೆದು ಕಂಪ್ಯೂಟರ್ ಕೊಟ್ಟಾಗ, ಸಾಲು ಮುಗಿದಲ್ಲೆಲ್ಲ ನನ್ನ ಎಡಗೈ ಹಳೇ ಯಂತ್ರದ ಹಿಡಿ ಇದೆಯೆಂಬಂತೆ ಗಾಳಿಯನ್ನು ತಳ್ಳುವುದು ಬಹಳ ಕಾಲ ನಿಲ್ಲಲಿಲ್ಲ. ಭವಾನಕ್ಕ ಅಂದು ಸಂಜೆಯೇ ಚಾಪೆಯ ಮೇಲೆ ಪಂಚೆ ಹಾಸಿ ಕೂತರು. ಒಮ್ಮೆ ಸುತ್ತಿದರು, ನೋಡಿದರು, ತಲೆ ಕೊಡವಿ ಬಿಚ್ಚಿದರು. ಕೈ ತಾನಾಗಿ ಕಾಲಿನ ಕಡೆ ಹೋಗಿ ಜಗ್ಗಲು ನೋಡುತ್ತಿತ್ತು. ಆ ಕೈಗೆ ಇನ್ನೊಂದು ಕೈಯಿಂದ ಪಟ್ಟನೆ ಹೊಡೆದು ಹಿಂದಕ್ಕೆ ಕರೆದುಕೊಳ್ಳುತ್ತಿದ್ದರು. "ತಡಿಯೇ, ಮೊಂಡೇ" ಎಂದದ್ದು ಮಗುವಿಗೆ ಎಂದುಕೊಂಡಿದ್ದೆ. ಕೈಗೆ.

ಕೊನೆಗೆ ಅವರು ಕಂಡುಕೊಂಡ ರೀತಿ ಇದು. ಪಂಚೆಯ ಒಂದು ಮೂಲೆ ಒಳಗೆ ಮಡಿಸಿ, ಆ ಮಡಿಕೆ ಮಗುವಿನ ಹೆಗಲ ಮಟ್ಟಕ್ಕೆ ಬರುವಂತೆ ಅಂಗಾತ ಮಲಗಿಸುವುದು. ಕೈಗಳನ್ನು ಒತ್ತಿ ನೆಟ್ಟಗೆ ಮಾಡದೆ, ಮಗು ಹೇಗೆ ಎದೆಯ ಹತ್ತಿರ ಮಡಿಸಿಕೊಂಡಿದೆಯೋ ಹಾಗೇ ಬಿಡುವುದು. ಆಮೇಲೆ ತಮ್ಮ ಎಡ ಅಂಗೈಯನ್ನು ಮಗುವಿನ ಎದೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡೇ, ಅದರ ಮೇಲಿಂದ ಬಟ್ಟೆಯ ಒಂದು ಸೆರಗು ತಂದು ಬೆನ್ನ ಕೆಳಗೆ ಸಿಕ್ಕಿಸುವುದು, ಇನ್ನೊಂದು ಸೆರಗೂ ಹಾಗೇ. ಮುಗಿದ ಮೇಲೆ ಅಂಗೈ ಜಾರಿಸಿ ಹೊರಗೆ ತೆಗೆಯುವುದು. ಅಂಗೈ ಇದ್ದಷ್ಟು ಜಾಗ ಮಗುವಿನ ಉಸಿರಿಗೆ. ಸೊಂಟದಿಂದ ಕೆಳಗೆ ಎಳೆಯುವುದೇ ಇಲ್ಲ. ಉಳಿದ ಬಟ್ಟೆಯನ್ನು ದೊಗಳೆಯಾಗಿ ಮೇಲಕ್ಕೆ ಮಡಿಸಿ ಬಿಡುವುದು. ಒಳಗೆ ಮಗು ಕಾಲನ್ನು ಮಡಿಸಲಿ, ಅಗಲಿಸಲಿ, ಒದೆಯಲಿ. "ಒದೆ ನೋಡನ" ಎಂದರು ಭವಾನಕ್ಕ. ಮಗು ಒದೆಯಿತು. ಕೆಳಗಿನ ಬಟ್ಟೆ ಗುಡ್ಡೆಯಾಗಿ ಎದ್ದು ಬಿತ್ತು, ಮೇಲಿನದು ಅಲುಗಲಿಲ್ಲ. ಮಾವ ತಮ್ಮ ಕವಳದ ಸಂಚಿಯನ್ನು ಎತ್ತಿ ಹಿಡಿದು ತೋರಿಸಿದರು. ಮೇಲೆ ಹದವಾಗಿ ಕೂಡಿ, ಕೆಳಗೆ ಹೊಟ್ಟೆ ಬಿಟ್ಟ ಅದೇ ಆಕಾರ. ಆ ಮನೆಯಲ್ಲಿ ಅದಕ್ಕೆ ಸಂಚಿ ಸುತ್ತು ಎಂದೇ ಹೆಸರಾಯಿತು.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ಮನೆಯ ಮಾತಾಗುತ್ತಿತ್ತು. ಮರುದಿನ ಬೆಳ್ಳಂಬೆಳಿಗ್ಗೆ ಭವಾನಕ್ಕ ಸೆರಗು ಸಿಕ್ಕಿಸಿಕೊಂಡು ಹೊರಟರು. ತಾವು ಇತ್ತೀಚೆಗೆ ಮೀಯಿಸಿ ಸುತ್ತಿ ಬಂದ ಮಕ್ಕಳ ಮನೆಗಳಿಗೆ. ಎಷ್ಟು ಮನೆಗೆ ಹೋದರು ನನಗೆ ಗೊತ್ತಿಲ್ಲ. ನಾನು ಕಂಡದ್ದು ಪಕ್ಕದ ಮನೆಯದೊಂದೇ, ಅದೂ ಬೇಲಿಯ ಈಚೆಯಿಂದ. ಅಲ್ಲಿ ಜೈತುನಬಿ ಎಂಬವರಿದ್ದರು, ಮಗ ಲಾರಿ ಇಟ್ಟವನು. ಅವರ ಸೊಸೆಗೂ ಆಗಷ್ಟೇ ಗಂಡು ಮಗುವಾಗಿತ್ತು. ಅದನ್ನು ಸುತ್ತಲು ಕಲಿಸಿದ್ದು ಭವಾನಕ್ಕನೇ. ಈಗ ಹೋದವರೇ ನಿಂತಲ್ಲೇ ಹೇಳಿದರು: "ಜೈತುನಬಿ, ನಾ ಹೇಳಿಕೊಟ್ಟಿದ್ದು ತಪ್ಪು. ಬಿಚ್ಚು."

"ಯಾಕ್ರೀ ಭವಾನಕ್ಕ" ಎಂದರು ಜೈತುನಬಿ. "ಮೊನ್ನೆ ಮೊನ್ನೆ ಕಾಲು ಜಗ್ಗಿ ಕಟ್ಟು ಅಂದ್ರಿ. ಸರಿಯಾಗಿ ಜಗ್ಗಲಿಲ್ಲ ಅಂತ ನನ್ನ ಸೊಸೆಗೆ ಬೈದು ಹೋದ್ರಿ. ಇವತ್ತು ಬಿಚ್ಚು ಅಂತೀರಲ್ರೀ."

"ಮೊನ್ನೆ ನನಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು. ನನಗೆ ಈ ವಯಸ್ಸಿಗೆ ಗೊತ್ತಾಗಿದ್ದು ನಿನ್ನ ಸೊಸೆಗೆ ಮೊದಲನೇ ಮಗೂಗೇ ಗೊತ್ತಾಯ್ತಲ್ಲ, ಪುಣ್ಯ ಮಾಡಿದ್ದಾಳೆ ಅನ್ನು."

"ಪುಣ್ಯದ ಮಾತು ಆಮ್ಯಾಲೆ. ಬೈದಿದ್ದು ವಾಪಸ್ ತಗೋಬೇಕಲ್ರೀ."

"ತಗೊಂಡೆ. ಎಲ್ಲಿ, ಕರಿ ಅವಳನ್ನ."

ಸೊಸೆ ಬಂದಳು. ಭವಾನಕ್ಕ ಅವಳೆದುರು ಬೈಗುಳವನ್ನು ಯಥಾವತ್ತಾಗಿ ವಾಪಸು ತೆಗೆದುಕೊಂಡು, ಸಂಚಿ ಸುತ್ತು ಕಲಿಸುತ್ತ, ಮಡಿಕೆ ಹೆಗಲಿಗಿಂತ ಮೇಲೆ ಬಂತೆಂದು ಹೊಸದಾಗಿ ಬೈದು ಬಂದರು.

ಎಲ್ಲ ಮುಗಿಸಿ ಬರುವಾಗ ತಿರುವಿನ ಸೈಕಲ್ ಅಂಗಡಿಯ ಎದುರು ನಿಂತದ್ದು ನನಗೆ ಜಗಲಿಯಿಂದ ಕಂಡಿತು. ಮಾತು ನನಗೆ ಕೇಳಲಿಲ್ಲ. ಆಮೇಲೆ ನಾನೇ ಹೋಗಿ ಶಂಕರನನ್ನು ಕೇಳಿದೆ. ಅವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಬರುವುದನ್ನು ನೋಡುತ್ತ, "ಎಂತದೂ ಹೇಳಲಿಲ್ಲ ಮಾರಾಯ್ರೇ" ಎಂದ. "ಬಂದು ನನ್ನ ಕಾಲು ನೋಡ್ತಾ ನಿಂತ್ರು. ಸುಮಾರು ಹೊತ್ತು ನಿಂತ್ರು. ಸೈಕಲ್ ಕಲೀತೀರಾ ಭವಾನಕ್ಕ ಕೇಳ್ದೆ, ತಮಾಷೆಗೆ. ಹ್ಞೂಂ ಅಂದ್ರು. ಕಣ್ಣಲ್ಲಿ ನೀರಿತ್ತು. ಧೂಳು ಇರ್ಬೇಕು, ಬಸ್ಸು ಹೋಗಿತ್ತು ಆಗಷ್ಟೆ." ಗುಳ್ಳೆ ಬಂದ ಜಾಗಕ್ಕೆ ಅವನು ಬೆರಳಿಟ್ಟು ಗುರುತು ಮಾಡಿದ.

ಮತ್ತೆ ಡಾಕ್ಟರಲ್ಲಿಗೆ ಹೋಗುವವರೆಗಿನ ವಾರಗಳನ್ನು ನಾನು ಯಲ್ಲಾಪುರದಲ್ಲಿ ಕಳೆದ ರೀತಿ ವರ್ಣಿಸಲು ಯೋಗ್ಯವಲ್ಲ. ರಸ್ತೆಯಲ್ಲಿ ಮಕ್ಕಳು ನಡೆಯುವುದನ್ನೇ ನೋಡುತ್ತಿದ್ದೆ. ಭವಾನಕ್ಕನ ಕಿಟಕಿ ನನ್ನ ಜೊತೆಗೇ ಬಸ್ಸು ಹತ್ತಿ ಬಂದಂತಾಗಿತ್ತು. ಟೈಪು ಮಾಡುವಾಗ 'ಆರೋಪಿಯು ಓಡಿಹೋದನು' ಎಂದು ಬಂದರೆ, ಓಡುವುದಕ್ಕೆ ಎರಡೂ ಕಾಲು ಸರಿ ಇದ್ದನಲ್ಲ, ಎಂಥ ಭಾಗ್ಯವಂತ ಎಂದು ಅನ್ನಿಸುತ್ತಿತ್ತು.

ಆ ದಿನ ಭವಾನಕ್ಕ ತಾವೂ ಬರುತ್ತೇನೆಂದು ಹಠ ಹಿಡಿದರು. ಕೈಯಲ್ಲೊಂದು ಲಿಂಬೆಹಣ್ಣು, ಮಡಿಲಲ್ಲಿ ಮಗು. ಲಿಂಬೆಹಣ್ಣು ಕೆಲಸ ಮಾಡಲಿಲ್ಲ. ವ್ಯಾನು ನಿಲ್ಲಿಸಿ ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ಹತ್ತಿ, ಇನ್ನೊಂದು ತಿರುವಿನಲ್ಲಿ ಮತ್ತೆ ನಿಲ್ಲಿಸಿದರು. ಶಿರಸಿ ಮುಟ್ಟುವಾಗ ಮಗುವೊಂದನ್ನು ಬಿಟ್ಟು ಎಲ್ಲರೂ ಬಿಳಿಚಿಕೊಂಡಿದ್ದೆವು. ಆದರೂ ಪರೀಕ್ಷೆಯ ಮೇಜಿನ ಮೇಲೆ ಬಟ್ಟೆ ಬಿಚ್ಚಲು ಅವರು ಯಾರಿಗೂ ಬಿಡಲಿಲ್ಲ. ತಾವೇ ಬಿಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ ನಿಂತರು. ಡಾಕ್ಟರು ಮೊಣಕಾಲು ಮಡಿಸಿ, ತೊಡೆ ಅಗಲಿಸತೊಡಗಿದರು. ನಾನು ಮಗುವನ್ನು ನೋಡಲಿಲ್ಲ. ಭವಾನಕ್ಕನೂ ನೋಡಲಿಲ್ಲ. ನಾವಿಬ್ಬರೂ ಡಾಕ್ಟರ ಕೈಯನ್ನು ನೋಡುತ್ತಿದ್ದೆವು. ಕೈ ಹೊರಕ್ಕೆ ಹೋಯಿತು, ಎಲ್ಲೂ ನಿಲ್ಲಲಿಲ್ಲ. ಹಿಂದಕ್ಕೆ ಬಂತು. ಮತ್ತೆ ಹೋಯಿತು. ನಿಲ್ಲಲಿಲ್ಲ. ಡಾಕ್ಟರು ಬಾಯಿ ತೆರೆಯುವ ಮೊದಲೇ ಭವಾನಕ್ಕ ನಿಟ್ಟುಸಿರು ಬಿಟ್ಟು ಸ್ಟೂಲಿನ ಮೇಲೆ ಕೂತರು. ಅದು ನಾನು ಕೂರಬೇಕೆಂದುಕೊಂಡಿದ್ದ ಸ್ಟೂಲು.

"ಗಟ್ಟಿಯಾಗಿದೆ. ಇನ್ನೊಮ್ಮೆ ತಂದು ತೋರಿಸಿ, ಅಷ್ಟೇ ಸಾಕು" ಎಂದರು ಡಾಕ್ಟರು. ನಂತರ ಭವಾನಕ್ಕ ಮತ್ತೆ ಸುತ್ತುವುದನ್ನು ಪಕ್ಕಕ್ಕೆ ಬಗ್ಗಿ ನೋಡಿದರು. ಅಂಗೈ ಒಳಗಿಟ್ಟು ಕೊನೆಯಲ್ಲಿ ಜಾರಿಸಿ ತೆಗೆದದ್ದನ್ನು ಕಂಡು, "ಇದನ್ನು ಇನ್ನೊಮ್ಮೆ ಮಾಡಿ ತೋರಿಸಿ" ಎಂದರು. ಭವಾನಕ್ಕ ತೋರಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು ತಮ್ಮ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟರು. "ನಿಮಗೆ ಎಷ್ಟು ಮಕ್ಕಳು?"

"ಇಲ್ಲಮ್ಮ, ನನಗಿನ್ನೂ ಮದುವೆಯಾಗಿಲ್ಲ."

ಭವಾನಕ್ಕ ಡಾಕ್ಟರ ಕಾಲನ್ನೊಮ್ಮೆ ನೋಡಿದರು. "ಅಡ್ಡಿಲ್ಲೆ" ಎಂದರು ಉದಾರವಾಗಿ. "ಆದ್ರೂ ಚಲೋ ಹೇಳಿದ್ರಿ."

ಅವರನ್ನೆಲ್ಲ ವ್ಯಾನಿನಲ್ಲಿ ಸಿದ್ದಾಪುರಕ್ಕೆ ಕಳಿಸಿ, ನಾನು ಅಲ್ಲಿಂದಲೇ ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ಹೋಗುವ ಬಸ್ಸು ಹತ್ತಿದೆ. ಮನಸ್ಸು ಹಗುರವಾಗಿತ್ತು. ಹಗುರಾದ ಮನಸ್ಸು ಅಪಾಯಕಾರಿ. ಎದುರಿನ ಸೀಟಿನಲ್ಲಿ ಕಲಘಟಗಿಯ ಕಡೆಯ ಅತ್ತೆ ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿ ಊದಿನಕಡ್ಡಿಯ ಕಟ್ಟಿನಂತೆ ಬಿಗಿದ ಒಂದು ಶಿಶು, ಮುಖದ ಅರ್ಧದವರೆಗೂ ಬಟ್ಟೆ. ನಾನು ಸುಮ್ಮನಿರಲು ಪ್ರಯತ್ನಿಸಿದೆ. ಆಗಲಿಲ್ಲ. ಮೊದಲು ಮೂಗಿನ ಮೇಲಿನ ಬಟ್ಟೆ ಸರಿಸಿ ಎಂದೆ. ಸರಿಸಿದರು. ಆಮೇಲೆ ನಿಲ್ಲಿಸುವುದು ಕಷ್ಟವಾಯಿತು. ಸೊಂಟದ ಕೀಲು, ಕಪ್ಪೆ, ಅಂಗೈ, ಉಸಿರು, ಮಗುಚುವುದು, ಎಲ್ಲವನ್ನೂ ಕ್ರಮವಾಗಿ, ಕಂಡದ್ದು ಯಾವುದು ಕೇಳಿದ್ದು ಯಾವುದು ಎಂದು ಬೇರೆ ಬೇರೆಯಾಗಿ, ಬಸ್ಸು ಒಂದು ಊರಿನಿಂದ ಇನ್ನೊಂದು ಊರು ಮುಟ್ಟುವವರೆಗೂ ಹೇಳಿದೆ. ಆ ಮುದುಕಿ ಬಾಯಿ ಮೇಲೆ ಸೆರಗಿಟ್ಟು ಎಲ್ಲ ಕೇಳಿದಳು. ಮುಗಿದ ಮೇಲೆ ಕೂಸನ್ನೂ ಬಟ್ಟೆಯನ್ನೂ ಎತ್ತಿ ನನ್ನ ಮಡಿಲಿಗೆ ಹಾಕಿ, "ಸುತ್ತಿ ತೋರಸ್ರಿ" ಎಂದಳು.

ನಾನು ಅದುವರೆಗೆ ಒಂದು ಸಲವೂ ಸುತ್ತಿರಲಿಲ್ಲ. ಎಲ್ಲ ನೋಡಿದ್ದೆ. ಮೂಲೆ ಮಡಿಸಿದೆ, ಅದು ಬಿಚ್ಚಿಕೊಂಡಿತು. ಎದೆಯ ಮೇಲೆ ಅಂಗೈ ಇಟ್ಟೆ, ಸೆರಗು ಎಳೆಯಲು ಕೈ ಉಳಿಯಲಿಲ್ಲ. ಕೂಸು ಒಂದೇ ಒದೆತಕ್ಕೆ ಇಡೀ ಬಟ್ಟೆಯನ್ನು ನನ್ನ ಕನ್ನಡಕದ ಮೇಲೆ ಹಾಕಿತು. ಕಂಡಕ್ಟರು ಟಿಕೆಟ್ ಕೊಡುವುದನ್ನು ಬಿಟ್ಟು ನೋಡುತ್ತ ನಿಂತ. ಮುದುಕಿ ಕೂಸನ್ನು ವಾಪಸು ತೆಗೆದುಕೊಂಡು, ಎದೆಯ ಮೇಲೆ ಅಂಗೈ ಇಟ್ಟು, ಎರಡೇ ಸುತ್ತಿನಲ್ಲಿ ಸುತ್ತಿ, ಅಂಗೈ ಜಾರಿಸಿ ತೆಗೆದಳು. ಸೊಸೆ ಅಭ್ಯಾಸದಂತೆ ಕಾಲು ಜಗ್ಗಲು ಕೈ ಹಾಕಿದಾಗ ಮುದುಕಿ ಆ ಕೈ ತಡೆದಳು.

"ಬ್ಯಾಡ, ಕಾಲು ಸಡ್ಲ ಬಿಡ" ಎಂದಳು. "ಇಲ್ಲಾಂದ್ರ ಈ ಅಣ್ಣಾ ಮತ್ತ ಮೊದ್ಲಿಂದ ಶುರು ಮಾಡ್ತಾನ."